ಹಲವರ ಮಾತು, ಒಂದು ಮಳೆ

ವೈಶಾಖ ಮುಗಿದು ಜ್ಯೇಷ್ಠ ಕಾಲಿಡುವ ಹೊತ್ತು ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ಬೆಳೆಗಾರರಿಗೆ ವರ್ಷದಲ್ಲೇ ಬಹು ಕಳವಳದ ಹೊತ್ತು. ಗುಡ್ಡಗಳ ನಡುವಣ ಕಣಿವೆಯಲ್ಲಿ ತೋಟ. ಮರದ ತುದಿಯಲ್ಲಿ ಎಳೆಗಾಯಿ ತುಂಬಿದ ಕೊನೆ. ಅದರ ಮೇಲೆ ಬೆಳಗ್ಗೆ ಕಟ್ಟಿ ಸಂಜೆ ಕರಗುವ ಮೋಡ. ಮಳೆ ಹಿಡಿಯುವ ಮುಂಚೆ ಆ ಕೊನೆಗಳಿಗೆ ಔಷಧಿ ತಾಗಬೇಕು. ತಾಗಿದ್ದು ಒಣಗಿ ಕಾಯಿಗೆ ಅಂಟಿಕೊಳ್ಳುವಷ್ಟು ಬಿಸಿಲೂ ಇರಬೇಕು. ತೀರ ಮೊದಲೇ ಹೊಡೆಸಿದರೆ ಆಷಾಢದ ಜಡಿಮಳೆಯ ಹೊತ್ತಿಗೆ ಅದರ ಬಲ ಇಳಿದಿರುತ್ತದೆ. ತಡಮಾಡಿದರೆ ಜಾರುವ ಮರವನ್ನು ಏರುವವರು ಯಾರು? ಈ ನಡುವಣ ಕೆಲವೇ ದಿನಗಳನ್ನು ಸರಿಯಾಗಿ ಗುರುತಿಸುವುದರ ಮೇಲೆ ಒಂದು ಮನೆಯ ಒಂದು ವರ್ಷದ ಅನ್ನ ನಿಂತಿರುತ್ತದೆ.

ಈ ಭಯದ ಹೆಸರು ಕೊಳೆರೋಗ. ಮಳೆ ಬಿಡದೆ ಸುರಿದು, ನಡುವೆ ಬಿಸಿಲಿನ ಮುಖವೇ ಕಾಣದೆ ಹೋದರೆ, ಕಾಯಿಯ ಮೇಲೆ ನೀರು ಹೀರಿದಂಥ ಕಲೆ ಮೂಡಿ, ಕಾಯಿ ಕೊಳೆತು, ಬುಡದಲ್ಲಿ ಉದುರಿ ರಾಶಿ ಬೀಳುತ್ತದೆ. ಹಿಂದಿನವರು ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಮರೆಮಾಡುತ್ತಿದ್ದರು. ಮೈಸೂರು ಸಂಸ್ಥಾನದ ಕೃಷಿ ಇಲಾಖೆಗೆ ಬಂದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು 1910ರಲ್ಲಿ ಈ ರೋಗದ ಕುರಿತು ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಮೈಲುತುತ್ತ ಮತ್ತು ಸುಣ್ಣ ಬೆರಸಿದ ಬೋರ್ಡೋ ದ್ರಾವಣ ಮಲೆನಾಡಿನ ತೋಟಗಳಿಗೆ ಕಾಲಿಟ್ಟದ್ದು ಆ ಕಾಲದಲ್ಲಿ. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮಳೆಗೆ ಮುಂಚೆ ಒಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ. ಈ ಪಾಕ ಇಂದು ಮಕ್ಕಳಿಗೂ ಗೊತ್ತು. ಗೊತ್ತಿಲ್ಲದ್ದು ದಿನ.

ನಮ್ಮ ಅಜ್ಜನಿಗೆ ಆ ದಿನವನ್ನು ಹೇಳುವವರು ಮೂವರಿದ್ದರು. ಒಬ್ಬರು ಪಂಚಾಂಗ ನೋಡಿ ರೋಹಿಣಿ, ಮೃಗಶಿರಗಳ ಫಲ ಹೇಳುವ ಪುರೋಹಿತರು. ಇನ್ನೊಬ್ಬ ಕೊನೆಗೌಡ. ಮರದಿಂದ ಮರಕ್ಕೆ ದಾಟಿ ಕೊನೆ ಇಳಿಸುವ ಆತನಿಗೆ ಮರದ ತುದಿಯಿಂದ ಪಡುವಣ ಆಕಾಶ ಕಾಣುತ್ತಿತ್ತು. ಗಾಳಿ ತಿರುಗಿದ್ದು, ಇರುವೆ ಮೊಟ್ಟೆ ಹೊತ್ತು ಮೇಲೇರಿದ್ದು ಆತನ ಶಾಸ್ತ್ರ. ಮೂರನೆಯದು ಜಗಲಿಯ ಮೇಲಿನ ರೇಡಿಯೋ. ಅಜ್ಜ ಮೂರು ಮಾತುಗಳನ್ನೂ ಲೆಕ್ಕದ ಪುಸ್ತಕದ ಅಂಚಿನಲ್ಲಿ ಬರೆದು, ಆಮೇಲೆ ಮಳೆ ನಿಜವಾಗಿ ಹಿಡಿದ ದಿನವನ್ನು ಪಕ್ಕದಲ್ಲಿ ಗುರುತು ಮಾಡುತ್ತಿದ್ದರು. ಒಮ್ಮೆ ಸಾಲಾಗಿ ಐದು ವರ್ಷ ಕೊನೆಗೌಡನ ಮಾತೇ ಉಳಿದಿಬ್ಬರಿಗಿಂತ ಹತ್ತಿರ ಬಂದಿತು. ಆರನೆಯ ವರ್ಷ ಅಜ್ಜ ಬೇರೆ ಯಾರನ್ನೂ ಕೇಳಲಿಲ್ಲ. ಗೌಡ ಹೇಳಿದ ದಿನಕ್ಕೆ ಎಂಟು ದಿನ ಮೊದಲೇ ಮಳೆ ಹಿಡಿಯಿತು, ಹಿಡಿದದ್ದು ಬಿಡಲಿಲ್ಲ. ಆ ವರ್ಷ ಅರ್ಧಕ್ಕರ್ಧ ಬೆಳೆ ಮರದ ಬುಡದಲ್ಲಿ ಕೊಳೆಯಿತು. ಮನೆಯಲ್ಲಿ ಆ ವರ್ಷ ನಡೆಯಬೇಕಾಗಿದ್ದ ಅತ್ತೆಯ ಮದುವೆ ಮುಂದಕ್ಕೆ ಹೋಯಿತು. ಕೊನೆಗೌಡ ಬಹಳ ದಿನ ಅಂಗಳಕ್ಕೆ ಬರಲು ಸಂಕೋಚಪಟ್ಟನಂತೆ. ಅವನ ತಪ್ಪೇನೂ ಇರಲಿಲ್ಲ. ತಪ್ಪಿದ್ದದ್ದು, ಐದು ವರ್ಷದ ಸಾಕ್ಷಿಯನ್ನು ಐವತ್ತು ವರ್ಷದ ಸಾಕ್ಷಿಯೆಂದು ನಂಬಿದ್ದರಲ್ಲಿ.

ಹಲವರು ಹಲವು ಬಗೆಯಾಗಿ ಹೇಳುವಾಗ, ಯಾರು ಎಷ್ಟು ನಂಬಿಕೆಗೆ ಅರ್ಹರು ಎಂದು ಪರೀಕ್ಷಿಸಲು ನಮ್ಮ ಬಳಿ ಉತ್ತರ ಗೊತ್ತಿರುವ ಉದಾಹರಣೆಗಳೇ ಕೆಲವಿದ್ದರೆ, ಆ ಮಾತುಗಳನ್ನು ಕೂಡಿಸುವ ಬಗೆ ಯಾವುದು? ಇಂದು ಗಣಕಯಂತ್ರಗಳಿಗೆ ಕಲಿಸುವ ವಿದ್ವಾಂಸರು ಇದನ್ನು ತಮ್ಮ ಶಾಸ್ತ್ರದ ಒಂದು ಮುಖ್ಯ ಪ್ರಶ್ನೆಯೆಂದು ಎಣಿಸುತ್ತಾರೆ. ಆದರೆ ಈ ಪ್ರಶ್ನೆ ಗಣಕಕ್ಕಿಂತ ಹಳೆಯದು. ನಮ್ಮ ದೇಶದಲ್ಲಿ ಅದಕ್ಕೆ ಸುಮಾರು ನೂರೈವತ್ತು ವರ್ಷದ ಇತಿಹಾಸವಿದೆ, ಮತ್ತು ಆ ಇತಿಹಾಸ ಮಳೆಯ ಇತಿಹಾಸವೇ ಆಗಿದೆ. ಏಕೆಂದರೆ ಮುಂಗಾರು ವರ್ಷಕ್ಕೆ ಒಂದೇ ಸಲ ಬರುತ್ತದೆ. ವರ್ಷಕ್ಕೆ ಒಂದೇ ಉತ್ತರ ಕೊಡುತ್ತದೆ. ಮನುಷ್ಯ ಎಷ್ಟೇ ಅವಸರಪಟ್ಟರೂ ಎರಡನೆಯ ಉತ್ತರಕ್ಕೆ ಇನ್ನೊಂದು ವರ್ಷ ಕಾಯಬೇಕು.

1875ರಲ್ಲಿ ಭಾರತ ಹವಾಮಾನ ಇಲಾಖೆ ಸ್ಥಾಪನೆಯಾಯಿತು. ಮರುವರ್ಷವೇ ದಕ್ಷಿಣ ಭಾರತಕ್ಕೆ ಭೀಕರ ಕ್ಷಾಮ ಬಂದಿತು. 1876ರಿಂದ 1878ರ ವರೆಗೆ ಮೈಸೂರು, ಮದರಾಸು, ಮುಂಬಯಿ ಪ್ರಾಂತಗಳಲ್ಲಿ ಲಕ್ಷಗಟ್ಟಲೆ ಜನ ಅನ್ನವಿಲ್ಲದೆ ಸತ್ತರು. 1862ರಿಂದ ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಜಿಲ್ಲೆಯ ಮೂಡಲ ಸೆರಗಿನಲ್ಲೇ ಧಾರವಾಡ, ಬಿಜಾಪುರಗಳ ಬಯಲು ಬೆಂದುಹೋಗಿತ್ತು. ಮಳೆ ಬರುವುದೋ ಬಾರದೋ ಎಂಬುದನ್ನು ಮುಂಚೆ ತಿಳಿಯುವುದು ಇನ್ನು ಕುತೂಹಲದ ವಿಷಯವಾಗಿ ಉಳಿಯಲಿಲ್ಲ, ಪ್ರಾಣದ ಪ್ರಶ್ನೆಯಾಯಿತು. ಇಲಾಖೆಯ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫರ್ಡ್ ಒಂದು ಗುರುತನ್ನು ಕಂಡರು: ಚಳಿಗಾಲದಲ್ಲಿ ಮತ್ತು ವಸಂತದಲ್ಲಿ ಹಿಮಾಲಯದ ಮೇಲೆ ಹಿಮ ಹೆಚ್ಚು ಬಿದ್ದ ವರ್ಷ ಬಯಲಿನಲ್ಲಿ ಮಳೆ ಕಡಿಮೆ. ಈ ಒಂದು ಗುರುತಿನ ಬಲದ ಮೇಲೆ ಕೆಲವು ವರ್ಷ ಪ್ರಯೋಗ ಮಾಡಿ, 1886ರಿಂದ ಮುಂಗಾರಿನ ಮುನ್ಸೂಚನೆಯನ್ನು ಕ್ರಮವಾಗಿ ಹೊರಡಿಸಿದರು. ಅವರು ನಂಬಿದ್ದು ಒಬ್ಬನೇ ಸಾಕ್ಷಿಯನ್ನು, ಹಿಮವನ್ನು.

ಅವರ ನಂತರ ಬಂದ ಜಾನ್ ಎಲಿಯಟ್ ಹಿಮದ ಜೊತೆಗೆ ದೂರದ ದೇಶಗಳ, ಹಿಂದೂ ಮಹಾಸಾಗರದ ಆಚೆಯ ಗುರುತುಗಳನ್ನೂ ಸೇರಿಸಿದರು. ಸಾಕ್ಷಿಗಳು ಹೆಚ್ಚಿದರು; ಆದರೆ ಅವರ ಮಾತನ್ನು ಕೂಡಿಸುವುದಕ್ಕೆ ಎಲಿಯಟ್ ಅವರ ಸ್ವಂತ ವಿವೇಚನೆಯ ಹೊರತು ಬೇರೆ ಅಳತೆಗೋಲು ಇರಲಿಲ್ಲ. 1899ರಲ್ಲಿ ಅವರ ಮುನ್ಸೂಚನೆ ಒಳ್ಳೆಯ ಮಳೆಯ ಆಸೆ ಹುಟ್ಟಿಸಿತ್ತು. ಬಂದದ್ದು ಶತಮಾನದ ದೊಡ್ಡ ಬರಗಳಲ್ಲಿ ಒಂದು. ಟೀಕೆ ಎಷ್ಟು ತೀವ್ರವಾಯಿತೆಂದರೆ, ಮುಂದೆ ಕೆಲವು ವರ್ಷ ಮುನ್ಸೂಚನೆಯನ್ನು ಜನರ ಮುಂದಿಡದೆ ಸರ್ಕಾರದ ಒಳಗಿನ ಗುಟ್ಟಾಗಿ ಇರಿಸಲಾಯಿತು. ಮಾತು ತಪ್ಪಿದವನು ಮೌನ ಹಿಡಿಯುವುದು ಸಹಜವೇ.

1904ರಲ್ಲಿ ಗಿಲ್ಬರ್ಟ್ ವಾಕರ್ ಆ ಪೀಠಕ್ಕೆ ಬಂದರು. ಅವರು ಹವಾಮಾನ ಓದಿದವರಲ್ಲ. ಕೇಂಬ್ರಿಜ್‌ನಲ್ಲಿ ಹೆಸರು ಮಾಡಿದ ಗಣಿತಜ್ಞ. ಮಳೆಯ ಕಾರಣ ತನಗೆ ತಿಳಿಯದು ಎಂಬ ವಿನಯದಿಂದಲೇ ಅವರು ಹೊರಟರು. ಜಗತ್ತಿನ ನಾನಾ ಊರುಗಳ ಗಾಳಿಯ ಒತ್ತಡ, ಉಷ್ಣತೆ, ಮಳೆಗಳ ಅಂಕಿಗಳನ್ನು ತರಿಸಿ, ಗುಮಾಸ್ತರ ದೊಡ್ಡ ಪಡೆಯಿಂದ ಕೈಯಲ್ಲೇ ಲೆಕ್ಕ ಹಾಕಿಸಿ, ಯಾವ ಅಂಕಿ ನಮ್ಮ ಮಳೆಯೊಂದಿಗೆ ಏರಿಳಿಯುತ್ತದೆಂದು ಹುಡುಕಿಸಿದರು. ಪೆಸಿಫಿಕ್ ಮತ್ತು ಹಿಂದೂ ಮಹಾಸಾಗರಗಳ ಮೇಲಣ ಗಾಳಿಯ ಒತ್ತಡ ತಕ್ಕಡಿಯ ಎರಡು ತಟ್ಟೆಗಳಂತೆ ತೂಗುವುದನ್ನು ಕಂಡು ಅದಕ್ಕೆ ದಕ್ಷಿಣದ ಆಂದೋಲನವೆಂದು ಹೆಸರಿಟ್ಟದ್ದು ಈ ಹುಡುಕಾಟದ ಫಲ. ಇಂದು ನಾವು ಎಲ್ ನಿನೊ ಎಂದು ಮಾತಾಡುವುದೆಲ್ಲ ಅದರ ಬಳಗಕ್ಕೆ ಸೇರಿದ್ದು. ಹಲವು ಗುರುತುಗಳಿಗೆ ಒಂದೊಂದು ತೂಕ ಕೊಟ್ಟು ಕೂಡಿಸುವ ಗಣಿತ ಸೂತ್ರ ಮಳೆಯ ಮುನ್ಸೂಚನೆಗೆ ಬಂದದ್ದೂ ಅವರಿಂದಲೇ.

ಆದರೆ ವಾಕರ್ ಅವರ ಹಿರಿಮೆ ನನಗೆ ಹೆಚ್ಚಾಗಿ ಕಾಣುವುದು ಅವರ ಒಂದು ಎಚ್ಚರಿಕೆಯಲ್ಲಿ. ನೂರಾರು ಗುರುತುಗಳನ್ನು ಹುಡುಕಿ, ಅವುಗಳಲ್ಲಿ ಮಳೆಯೊಂದಿಗೆ ಚೆನ್ನಾಗಿ ಹೊಂದಿದ್ದನ್ನು ಆರಿಸಿಕೊಂಡರೆ, ಆ ಹೊಂದಿಕೆ ಕೇವಲ ಆಕಸ್ಮಿಕವೂ ಆಗಿರಬಹುದು ಎಂದು ಅವರು 1914ರಲ್ಲೇ ಬರೆದರು. ಅದನ್ನು ಅಳೆಯುವ ಬಗೆಯನ್ನೂ ಕೊಟ್ಟರು. ಒಂದು ನಾಣ್ಯವನ್ನು ಐದು ಸಲ ಚಿಮ್ಮಿದರೆ ಐದಕ್ಕೆ ಐದೂ ತಲೆ ಬೀಳುವ ಸಂಭವ 32ರಲ್ಲಿ ಒಂದು. ಅಪರೂಪವೇ ಸರಿ. ಆದರೆ ಮೂವತ್ತೆರಡು ನಾಣ್ಯಗಳನ್ನು ಚಿಮ್ಮಿದರೆ, ಯಾವುದೋ ಒಂದು ಐದೂ ಸಲ ತಲೆಯನ್ನೇ ತೋರಿಸಿದರೆ ಆಶ್ಚರ್ಯಪಡಬೇಕಾಗಿಲ್ಲ. ಆ ನಾಣ್ಯವನ್ನು ಎತ್ತಿ, ಇದು ದೇವತಾ ನಾಣ್ಯವೆಂದು ಪೂಜಿಸುವವನ ಗತಿ ಏನಾಗುವುದೋ ಅದೇ ನಮ್ಮ ಅಜ್ಜನ ಆರನೆಯ ವರ್ಷದ ಗತಿ. ಮೂವರಲ್ಲಿ ಒಬ್ಬ ಐದು ವರ್ಷ ಗೆಲ್ಲುವುದು ಜ್ಞಾನದಿಂದಲೂ ಆಗಬಹುದು, ಅದೃಷ್ಟದಿಂದಲೂ ಆಗಬಹುದು. ಐದು ವರ್ಷದ ಪುಸ್ತಕ ಇವೆರಡನ್ನು ಬೇರ್ಪಡಿಸಿ ಹೇಳಲಾರದು. ವಾಕರ್ ಅವರು ಆರಿಸಿದ ಗುರುತುಗಳಲ್ಲೂ ಹಲವು ಮುಂದಿನ ದಶಕಗಳಲ್ಲಿ ಬಲಗುಂದಿದವು.

ಇಷ್ಟು ಎಚ್ಚರಿಕೆ ಇದ್ದರೂ, ಒಂದೇ ಪರಿಪೂರ್ಣ ಸೂತ್ರದ ಆಸೆ ಬಿಡಲಿಲ್ಲ. 1988ರಲ್ಲಿ ವಸಂತ ಗೋವಾರೀಕರ್ ಮತ್ತು ಅವರ ಸಂಗಡಿಗರು ಹದಿನಾರು ಗುರುತುಗಳ ಸೂತ್ರವನ್ನು ರಚಿಸಿದರು; ಇಲಾಖೆ ಅದನ್ನು ಬಳಕೆಗೆ ತಂದಿತು. ಹಿಮ, ಸಮುದ್ರದ ಬಿಸಿ, ಮೇಲ್ಗಾಳಿ, ದೂರದ ಒತ್ತಡಗಳು, ಹೀಗೆ ಹದಿನಾರು. ವರ್ಷ ವರ್ಷವೂ ಮಳೆ ಸಾಮಾನ್ಯವೆಂದು ಹೇಳಿತು. 1988ರಿಂದ 2001ರ ವರೆಗೆ ದೇಶವ್ಯಾಪಿ ಬರ ಒಂದೂ ಬರಲಿಲ್ಲ. ಪತ್ರಿಕೆಗಳು ಹೊಗಳಿದವು. ಆದರೆ ಸ್ವಲ್ಪ ಯೋಚಿಸಿ: ಆ ಹದಿನಾಲ್ಕು ವರ್ಷ, ಯಾವ ಗುರುತನ್ನೂ ನೋಡದೆ, ಸುಮ್ಮನೆ ‘ಈ ವರ್ಷ ಮಳೆ ಸಾಮಾನ್ಯ’ ಎಂದು ಹೇಳುತ್ತ ಬಂದವನೂ ಬಹುಮಟ್ಟಿಗೆ ಸರಿಯೇ ಆಗುತ್ತಿದ್ದ! ಹದಿನಾಲ್ಕು ಉತ್ತರಗಳೂ ಒಂದೇ ಬಗೆಯಾಗಿದ್ದರೆ ಅವು ಹದಿನಾಲ್ಕು ಪರೀಕ್ಷೆಗಳಲ್ಲ. ಒಂದೇ ಪರೀಕ್ಷೆಯ ಹದಿನಾಲ್ಕು ಪ್ರತಿಗಳು.

2002ರಲ್ಲಿ ನಿಜವಾದ ಪರೀಕ್ಷೆ ಬಂದಿತು. ಸೂತ್ರ ಹೇಳಿದ್ದು ಸರಾಸರಿಯ ಶೇಕಡಾ 101. ಬಿದ್ದದ್ದು ಶೇಕಡಾ 81. ಬಿತ್ತನೆಯ ಜುಲೈ ತಿಂಗಳಲ್ಲಿ ದೇಶದ ಮಳೆ ಅರ್ಧಕ್ಕೆ ಇಳಿಯಿತು. ಹದಿನಾರು ಗುರುತುಗಳ ತೂಕಗಳನ್ನು ಕೆಲವೇ ದಶಕಗಳ ಮಳೆಯಿಂದ ಕಲಿತ ಸೂತ್ರ, ಲೆಕ್ಕ ಅರಿಯದೆ ಉತ್ತರ ಉರುಹೊಡೆದ ಹುಡುಗನಂತೆ, ಹಳೆಯ ವರ್ಷಗಳನ್ನು ಚೆನ್ನಾಗಿ ಒಪ್ಪಿಸುತ್ತಿತ್ತು. ಹೊಸ ಲೆಕ್ಕ ಬಂದಾಗ ತಬ್ಬಿಬ್ಬಾಯಿತು. 2003ರಲ್ಲಿ ಎಂಟು ಮತ್ತು ಹತ್ತು ಗುರುತುಗಳ ಹೊಸ ಸೂತ್ರಗಳು ಬಂದವು. 2004ರಲ್ಲಿ ಮತ್ತೆ ಬರ, ಮತ್ತೆ ಸೋಲು. ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಮತ್ತು ರವಿ ನಂಜುಂಡಯ್ಯ, ಹವಾಮಾನ ಇಲಾಖೆಯ ರಾಜೀವನ್ ಕೂಡಿ 2005ರಲ್ಲಿ ಒಂದು ಲೇಖನ ಬರೆದರು. ಇನ್ನೊಂದು ಸೋಲು ಏಕೆ ಎಂಬ ನೇರ ಪ್ರಶ್ನೆಯೇ ಅದರ ಶೀರ್ಷಿಕೆ. ಸೋಲಿಗೆ ನೆಪ ಹುಡುಕದೆ, ಸೋತ ಇಲಾಖೆಯ ವಿಜ್ಞಾನಿಯೂ ಸೇರಿ ಬಹಿರಂಗವಾಗಿ ವಿಮರ್ಶೆ ಮಾಡಿದ್ದು ನಮ್ಮ ವಿಜ್ಞಾನದ ಇತಿಹಾಸದಲ್ಲಿ ನೆನೆಯತಕ್ಕ ಸಂಗತಿ.

2007ರಲ್ಲಿ ಇಲಾಖೆ ದಾರಿಯನ್ನೇ ಬದಲಿಸಿತು. ಒಂದು ಸೂತ್ರವನ್ನು ನಂಬುವುದರ ಬದಲು ಹಲವು ಚಿಕ್ಕ ಸೂತ್ರಗಳನ್ನು ಕಟ್ಟುವುದು. ಐದು ಗುರುತುಗಳಿದ್ದರೆ ಅವುಗಳಲ್ಲಿ ಒಂದನ್ನೋ, ಎರಡನ್ನೋ, ಎಲ್ಲವನ್ನೋ ತೆಗೆದುಕೊಂಡು 31 ಬೇರೆ ಬೇರೆ ಸೂತ್ರ ಮಾಡಬಹುದು. ಆರು ಗುರುತುಗಳಿದ್ದರೆ 63. ಹಿಂದಿನ ವರ್ಷಗಳಲ್ಲಿ ಚೆನ್ನಾಗಿ ಹೇಳಿದ ಕೆಲವನ್ನು ಆರಿಸಿ, ಅವುಗಳ ಮಾತಿನ ಸರಾಸರಿ ತೆಗೆಯುವುದು. ಸಂಖ್ಯೆಗಳ ಹಿಂದೆ ಇದ್ದದ್ದು ಮನೋಭಾವದ ಬದಲಾವಣೆ: ಯಾವ ಸೂತ್ರ ಸತ್ಯ ಎಂಬುದು ಇಷ್ಟು ಕಡಿಮೆ ವರ್ಷಗಳಿಂದ ತಿಳಿಯದು ಎಂದು ಒಪ್ಪಿಕೊಂಡದ್ದು.

ಸರಾಸರಿಗೆ ಈ ಶಕ್ತಿ ಎಲ್ಲಿಂದ ಬಂತು? ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ 1907ರಲ್ಲಿ ಒಂದು ದನದ ಜಾತ್ರೆಯ ಪಂದ್ಯವನ್ನು ಪರೀಕ್ಷಿಸಿದರು. ಪ್ಲಿಮತ್ ಊರಿನಲ್ಲಿ ಒಂದು ಎತ್ತಿನ ಮಾಂಸದ ತೂಕವನ್ನು 787 ಜನ ಚೀಟಿಯಲ್ಲಿ ಬರೆದು ಊಹಿಸಿದ್ದರು. ನಿಜವಾದ ತೂಕ 1,198 ಪೌಂಡು. ಊಹೆಗಳ ನಟ್ಟನಡುವಣ ಅಂಕಿ 1,207. ಕಟುಕರು ಇದ್ದರು, ರೈತರು ಇದ್ದರು, ಏನೂ ತಿಳಿಯದವರೂ ಇದ್ದರು. ಒಬ್ಬನ ಹೆಚ್ಚು ಇನ್ನೊಬ್ಬನ ಕಡಿಮೆಯೊಂದಿಗೆ ಸರಿಹೋಗಿ, ಗುಂಪಿನ ಮಾತು ಸತ್ಯದ ಮಗ್ಗುಲಿಗೆ ಬಂದಿತ್ತು.

ಅಜ್ಜನ ಜಗಲಿಗೇ ಈ ಲೆಕ್ಕವನ್ನು ತರೋಣ. ಮಳೆ ಹಿಡಿದದ್ದು ಜೂನ್ 7ರಂದು ಎನ್ನಿ. ಪುರೋಹಿತರು ಹೇಳಿದ್ದು 2, ಕೊನೆಗೌಡ 10, ರೇಡಿಯೋ 6. ಒಬ್ಬರು ಐದು ದಿನ ಮುಂದು, ಒಬ್ಬ ಮೂರು ದಿನ ಹಿಂದು, ಇನ್ನೊಂದು ಒಂದು ದಿನ ಮುಂದು. ಸರಾಸರಿ ತಪ್ಪು ಮೂರು ದಿನ. ಆದರೆ ಮೂವರ ಮಾತಿನ ಸರಾಸರಿ ಜೂನ್ 6. ಅದರ ತಪ್ಪು ಒಂದೇ ದಿನ. ಸರಾಸರಿಯ ತಪ್ಪು, ತಪ್ಪುಗಳ ಸರಾಸರಿಯನ್ನು ಎಂದೂ ಮೀರುವುದಿಲ್ಲ. ಇದು ಗಣಿತದ ಮಾತು, ಭರವಸೆಯ ಮಾತು. ರೇಡಿಯೋ ಒಂದನ್ನೇ ಕೇಳಿದ್ದರೂ ಸಾಕಿತ್ತಲ್ಲ ಎನ್ನುವಿರಿ. ನಿಜ. ಆದರೆ ಈ ವರ್ಷ ಗೆಲ್ಲುವವರು ರೇಡಿಯೋ ಎಂದು ಮೇ ತಿಂಗಳಲ್ಲಿ ಹೇಳುವವರು ಯಾರು?

ಇಲ್ಲಿ ಒಂದು ನಿಬಂಧನೆ ಇದೆ. ಮೂವರೂ ಬೇರೆ ಬೇರೆ ದಿಕ್ಕಿನಲ್ಲಿ ತಪ್ಪಬೇಕು. ಪುರೋಹಿತರೂ ಗೌಡನೂ ಹಿಂದಿನ ರಾತ್ರಿ ಅದೇ ರೇಡಿಯೋ ಕೇಳಿ ಬಂದು ಹೇಳಿದರೆ ಅದು ಮೂವರ ಮಾತಲ್ಲ, ಒಂದೇ ಮಾತಿನ ಮೂರು ಪ್ರತಿಧ್ವನಿ. ಶಿರಸಿಯ ಪೇಟೆಯಲ್ಲಿ ಇನ್ನೊಂದು ಬಗೆಯ ಕೂಡಿಕೆಯೂ ಇದೆ. 1923ರಲ್ಲಿ ಹುಟ್ಟಿದ ತೋಟಗಾರರ ಸಹಕಾರಿ ಮಾರಾಟ ಸಂಘದಲ್ಲಿ ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟುಗಳನ್ನು ಟೆಂಡರಿಗೆ ಇಟ್ಟಾಗ, ವ್ಯಾಪಾರಿಗಳು ಒಬ್ಬರಿಗೊಬ್ಬರು ತಿಳಿಯದಂತೆ ದರ ಕೊಡುತ್ತಾರೆ; ಮೇಲಿನ ದರಕ್ಕೆ ಅಡಿಕೆ ಹೋಗುತ್ತದೆ. ಮಾರುವವನಿಗೆ ಅದು ಒಳ್ಳೆಯದೇ. ಆದರೆ ಅಲ್ಲಿ ನಡೆಯುವುದು ಅತಿ ಹೆಚ್ಚು ಊಹಿಸಿದವನ ಮಾತು. ಮಳೆಯ ವಿಷಯದಲ್ಲಿ ಅತಿ ದೊಡ್ಡ ದನಿಯವನ ಮಾತನ್ನು ಹಿಡಿದರೆ ತೋಟ ಉಳಿಯದು. ಬೆಲೆಯನ್ನು ಕೂಡಿಸುವ ರೀತಿ ಬೇರೆ, ತಿಳಿವನ್ನು ಕೂಡಿಸುವ ರೀತಿ ಬೇರೆ.

ಇನ್ನು ತೂಕದ ಪ್ರಶ್ನೆ. ಬಲ್ಲವನಿಗೆ ಹೆಚ್ಚು, ಅರೆಬಲ್ಲವನಿಗೆ ಕಡಿಮೆ ತೂಕ ಕೊಡುವುದು ನ್ಯಾಯವಲ್ಲವೇ? 1969ರಲ್ಲಿ ಬೇಟ್ಸ್ ಮತ್ತು ಗ್ರೇಂಜರ್ ಎಂಬ ಇಬ್ಬರು ವಿದ್ವಾಂಸರು, ಎರಡು ಮುನ್ಸೂಚನೆಗಳನ್ನು ಅವುಗಳ ಹಿಂದಿನ ತಪ್ಪುಗಳಿಗೆ ಅನುಸಾರವಾಗಿ ತೂಕ ಕೊಟ್ಟು ಕೂಡಿಸುವ ರೀತಿಯನ್ನು ತೋರಿಸಿದರು. ತರ್ಕಕ್ಕೆ ಒಪ್ಪುವ ಮಾತು. ಆದರೆ ಮುಂದಿನ ದಶಕಗಳಲ್ಲಿ ಒಂದು ವಿಚಿತ್ರ ಕಂಡಿತು. ಲೆಕ್ಕ ಹಾಕಿ ತೂಕ ಕೊಟ್ಟದ್ದಕ್ಕಿಂತ ಎಲ್ಲರಿಗೂ ಸಮನಾಗಿ ತೂಕ ಕೊಟ್ಟ ಸರಾಸರಿಯೇ ಅನೇಕ ಸಲ ಮೇಲಾಗುತ್ತಿತ್ತು. ಕಾರಣ ಗಹನವಾದದ್ದಲ್ಲ. ತೂಕವನ್ನೂ ನಾವು ಹಿಂದಿನ ಉತ್ತರಗಳಿಂದಲೇ ಕಲಿಯಬೇಕು. ಉತ್ತರಗಳು ಕೆಲವೇ ಇದ್ದರೆ ತೂಕವೇ ತಪ್ಪಾಗುತ್ತದೆ. ತಪ್ಪು ತೂಕದ ತಕ್ಕಡಿಗಿಂತ ಸಮಪಾಲು ಮಾಡುವ ಕೈ ಲೇಸು.

ಉತ್ತರಗಳು ಹೇರಳವಾಗಿದ್ದಾಗ ಮಾತು ಬೇರೆ. ಅಮೆರಿಕದ ಫ್ಲಾರಿಡಾದಲ್ಲಿ ದುಡಿದ ಭಾರತೀಯ ವಿಜ್ಞಾನಿ ಟಿ. ಎನ್. ಕೃಷ್ಣಮೂರ್ತಿ ಅವರು 1999ರಲ್ಲಿ ಹಲವು ದೇಶಗಳ ಹವಾಮಾನ ಮಾದರಿಗಳನ್ನು ಕೂಡಿಸುವ ಪ್ರಬಲ ರೀತಿಯೊಂದನ್ನು ಪ್ರಕಟಿಸಿದರು. ಪ್ರತಿಯೊಂದು ಮಾದರಿ ಪ್ರತಿಯೊಂದು ಪ್ರದೇಶದಲ್ಲಿ ಹಿಂದೆ ಎಷ್ಟು ತಪ್ಪಿತೆಂದು ಕಲಿತು, ಅದಕ್ಕೆ ತಕ್ಕ ತೂಕ ಕೊಡುವುದು ಅವರ ದಾರಿ. ನಾಳೆಯ ಮಳೆಯನ್ನು ಹೇಳುವವನಿಗೆ ನಾಳೆಯೇ ಉತ್ತರ ಸಿಕ್ಕುತ್ತದೆ; ನಾಲ್ಕು ತಿಂಗಳಲ್ಲಿ ನೂರಿಪ್ಪತ್ತು ಉತ್ತರ. ಆ ಮುನ್ಸೂಚನೆಗೆ ತೂಕ ಕಲಿಯುವ ಅವಕಾಶವಿದೆ. ಇಡೀ ಮುಂಗಾರನ್ನು ಮುಂಚೆ ಹೇಳುವವನಿಗೆ ಅಷ್ಟು ಉತ್ತರ ಸಿಕ್ಕಲು ನೂರಿಪ್ಪತ್ತು ವರ್ಷ ಬೇಕು. ಒಂದೇ ಮಳೆ, ಒಂದೇ ಆಕಾಶ. ಆದರೆ ಕೂಡಿಸುವ ನೀತಿ ಎರಡು.

ಉತ್ತರವೇ ಇಲ್ಲದಿದ್ದರೆ? 1979ರಲ್ಲಿ ಡೇವಿಡ್ ಮತ್ತು ಸ್ಕೀನ್ ಎಂಬವರು ಇದಕ್ಕೂ ಒಂದು ಬಾಗಿಲು ತೆರೆದರು. ಹಲವು ವೈದ್ಯರು ಅದೇ ರೋಗಿಗಳನ್ನು ನೋಡಿ ಬೇರೆ ಬೇರೆ ಅಭಿಪ್ರಾಯ ಬರೆದಿದ್ದಾರೆ. ಸತ್ಯ ಯಾರಿಗೂ ಗೊತ್ತಿಲ್ಲ. ಆದರೂ, ಯಾರು ಯಾರೊಂದಿಗೆ ಎಷ್ಟು ಸಲ ಒಪ್ಪುತ್ತಾರೆ ಎಂಬುದರಿಂದಲೇ ಪ್ರತಿಯೊಬ್ಬ ವೈದ್ಯನ ತಪ್ಪಿನ ಪ್ರಮಾಣವನ್ನು ಅಂದಾಜು ಮಾಡಬಹುದು. ಇಂದು ನಮ್ಮ ತೋಟಗಳಿಗೆ ಎಲೆಚುಕ್ಕಿ ರೋಗ ಹಬ್ಬಿದೆ. ಮೊಬೈಲಿನಲ್ಲಿ ಸೋಗೆಯ ಚಿತ್ರ ತೆಗೆಯುವುದು ಸುಲಭ. ಈ ಚುಕ್ಕಿ ಆ ರೋಗದ್ದೇ, ಬೇರೆ ಕಾರಣದ್ದೇ ಎಂದು ನಿರ್ಣಯಿಸುವ ತಜ್ಞರು ವಿರಳ. ಸಾವಿರ ಚಿತ್ರಗಳಿದ್ದು ಐವತ್ತಕ್ಕೆ ಮಾತ್ರ ಉತ್ತರವಿದ್ದರೆ, ಹಲವು ಗಣಕ ಮಾದರಿಗಳ ಒಮ್ಮತ ಭಿನ್ನಮತಗಳೂ ಒಂದು ಸಾಕ್ಷಿಯಾಗುತ್ತವೆ. ಎಲ್ಲ ಮಾದರಿಗಳೂ ಭಿನ್ನವಾಗಿ ಹೇಳುವ ಚಿತ್ರವನ್ನೇ ಆರಿಸಿ ತಜ್ಞರ ಮುಂದಿಟ್ಟರೆ ಅವರ ಅಮೂಲ್ಯ ಸಮಯವೂ ಸಾರ್ಥಕ. ಆದರೆ ಮೊದಲಿನ ನಿಬಂಧನೆ ಇಲ್ಲಿಯೂ ಇದೆ. ಎಲ್ಲವೂ ಒಂದೇ ಬಗೆಯ ಚಿತ್ರಗಳಿಂದ ಕಲಿತಿದ್ದರೆ, ಒಟ್ಟಾಗಿಯೇ ತಪ್ಪುತ್ತವೆ. ಒಮ್ಮತವೆಂಬುದು ಆಗ ಮೋಸದ ಮುಖ.

ಇದಕ್ಕೆ ಮಳೆಯ ಇತಿಹಾಸವೇ ಸಾಕ್ಷಿ. 2009ರಲ್ಲಿ ಹೊಸ ಸರಾಸರಿ ವಿಧಾನ ಏಪ್ರಿಲ್‌ನಲ್ಲಿ ಶೇಕಡಾ 96 ಎಂದಿತು. ಜೂನ್‌ನಲ್ಲಿ 93ಕ್ಕೆ ಇಳಿಸಿತು. ಬಿದ್ದದ್ದು 78. ಚಿಕ್ಕ ಸೂತ್ರಗಳು ಎಷ್ಟೇ ಇರಲಿ, ಅವೆಲ್ಲ ಅವೇ ಐದಾರು ಗುರುತುಗಳ, ಅವೇ ಹಳೆಯ ವರ್ಷಗಳ ಮಕ್ಕಳು. ಆಮೇಲೆ 2012ರಲ್ಲಿ ಮಾನ್ಸೂನ್ ಮಿಷನ್ ಎಂಬ ಯೋಜನೆ ಆರಂಭವಾಯಿತು. ಸಮುದ್ರ ಮತ್ತು ವಾಯುಮಂಡಲಗಳ ಭೌತ ನಿಯಮಗಳನ್ನೇ ಲೆಕ್ಕ ಹಾಕುವ ಗಣಕ ಮಾದರಿಗಳು ಬೆಳೆದವು. 2021ರಿಂದ ಇಲಾಖೆ ಬೇರೆ ಬೇರೆ ಕೇಂದ್ರಗಳ ಅಂಥ ಹಲವು ಮಾದರಿಗಳನ್ನು ಕೂಡಿಸಿ ಮುನ್ಸೂಚನೆ ಕೊಡುತ್ತಿದೆ. ಒಂದೇ ಮನೆಯ ಮಕ್ಕಳ ಬದಲು ಬೇರೆ ಬೇರೆ ಮನೆಯವರ ಪಂಚಾಯಿತಿ ಎನ್ನಬಹುದು.

ಆ 2021ರ ಮಳೆಯನ್ನು ನಮ್ಮ ಸೀಮೆ ಮರೆಯಲಾರದು. ದೇಶದ ಮಳೆ ಸಾಮಾನ್ಯ ಎಂದು ಮುನ್ಸೂಚನೆ ಇತ್ತು. ಕೊನೆಗೆ ಲೆಕ್ಕ ಹಾಕಿದಾಗ ಶೇಕಡಾ 99 ಬಿದ್ದಿತ್ತು. ಇದಕ್ಕಿಂತ ಚೆನ್ನಾಗಿ ಯಾರು ಹೇಳಬಲ್ಲರು? ಆದರೆ ಅದೇ ಜುಲೈ ತಿಂಗಳಲ್ಲಿ ಯಲ್ಲಾಪುರ ತಾಲ್ಲೂಕಿನ ಕಳಚೆಯಲ್ಲಿ ಗುಡ್ಡ ಕುಸಿದು ತೋಟ, ಮನೆ, ರಸ್ತೆಗಳು ಮಣ್ಣು ಪಾಲಾದವು. ದೇಶದ ಮುಂಗಾರಿನ ಸರಾಸರಿ 87 ಸೆಂಟಿಮೀಟರು. ಶಿರಸಿಯಂಥ ಊರು ವರ್ಷಕ್ಕೆ ಅದರ ಎರಡರಷ್ಟಕ್ಕೂ ಮಿಕ್ಕಿ ನೆನೆಯುತ್ತದೆ. ಅದೇ ತಾಲ್ಲೂಕಿನ ಬನವಾಸಿಯ ಕಡೆ ನಡೆದರೆ ಮಳೆ ಬೇಗನೆ ಕಡಿಮೆಯಾಗುತ್ತದೆ; ಸಿದ್ದಾಪುರದ ಘಟ್ಟದಂಚಿಗೆ ಸರಿದರೆ ಬೇಗನೆ ಹೆಚ್ಚುತ್ತದೆ. ಬಯಲಿನವನಿಗೆ ಮಳೆ ತಪ್ಪುವುದು ಕೇಡು, ನಮಗೆ ಮಳೆ ಬಿಡದಿರುವುದು ಕೇಡು. ಯಾರ ಸರಾಸರಿ, ಯಾವ ಊರಿನ ಸರಾಸರಿ ಎಂದು ಕೇಳದೆ ಸರಾಸರಿಯನ್ನು ಒಪ್ಪುವುದು ಅಪಾಯ. ಗ್ರಾಮ ಗ್ರಾಮದ ಮಳೆಮಾಪಕಗಳು, ಮನೆ ಮನೆಯ ಹಳೆಯ ಲೆಕ್ಕದ ಪುಸ್ತಕಗಳು ಬೆಲೆಬಾಳುವುದು ಇದಕ್ಕಾಗಿ. ನಮ್ಮ ಊರಿನ ಪ್ರಶ್ನೆಗೆ ನಮ್ಮ ಊರಿನ ಉತ್ತರ ಇರುವುದು ಅಲ್ಲಿ ಮಾತ್ರ.

ಅಜ್ಜನ ಕಥೆಯ ಉಳಿದ ಭಾಗವನ್ನು ಹೇಳಿ ಮುಗಿಸುತ್ತೇನೆ. ಬೆಳೆ ಹಾಳಾದ ಮರುವರ್ಷ ಅವರು ಕೊನೆಗೌಡನನ್ನು ತಾವೇ ಹೋಗಿ ಕರೆತಂದರು. ಪುರೋಹಿತರನ್ನೂ ಕೇಳಿದರು, ರೇಡಿಯೋವನ್ನೂ ಹಚ್ಚಿದರು. ಮೂವರ ದಿನಗಳು ಹತ್ತಿರ ಹತ್ತಿರ ಇದ್ದರೆ ನಡುವಣ ದಿನವನ್ನು ಹಿಡಿಯುವುದು, ದೂರ ದೂರ ಇದ್ದರೆ ತೋಟವನ್ನು ಮೂರು ಪಾಲು ಮಾಡಿ ಒಬ್ಬೊಬ್ಬರ ದಿನಕ್ಕೆ ಒಂದೊಂದು ಪಾಲಿಗೆ ಔಷಧಿ ಹೊಡೆಸುವುದು, ಇದು ಅವರು ಕಂಡುಕೊಂಡ ದಾರಿ. ಒಬ್ಬರು ಜೂನ್ 1 ಎಂದು, ಇನ್ನೊಬ್ಬರು 20 ಎಂದು ಹೇಳುವಾಗ ನಡುವಣ ಹತ್ತನೆಯ ತಾರೀಖು ಯಾರೂ ಹೇಳದ ದಿನ. ಇಬ್ಬರಿಗೂ ಬೇಡವಾದ ದಿನವೂ ಆಗಬಹುದು. ಇಂಥಲ್ಲಿ ಭಿನ್ನಾಭಿಪ್ರಾಯವನ್ನು ಅಳಿಸದೆ, ಅದನ್ನೇ ಒಂದು ಸುದ್ದಿಯೆಂದು ತಿಳಿಯಬೇಕು. ಮುಂದೆ ಯಾವ ವರ್ಷವೂ ಅವರ ಇಡೀ ತೋಟ ಗೆಲ್ಲಲಿಲ್ಲ. ಯಾವ ವರ್ಷವೂ ಇಡೀ ತೋಟ ಸೋಲಲಿಲ್ಲ. ಅತ್ತೆಯ ಮದುವೆ ಎರಡು ವರ್ಷಕ್ಕೆ ನಡೆಯಿತು. ಚಪ್ಪರಕ್ಕೆ ಅಡಿಕೆ ಸೋಗೆ ಹೊದಿಸಿದವನು ಅದೇ ಕೊನೆಗೌಡ.

ಆ ಪುಸ್ತಕ ಇಂದು ನನ್ನ ಬಳಿ ಇದೆ. ಅಂಚುಗಳು ಗೆದ್ದಲು ತಿಂದು ಹೋಗಿವೆ. ಉಳಿದ ಪುಟಗಳಲ್ಲಿ ಮೂರು ದಿನಾಂಕಗಳು, ಪಕ್ಕದಲ್ಲಿ ಒಂದು ದಿನಾಂಕ. ವರ್ಷಕ್ಕೆ ಒಂದೇ ಸಾಲು.